ಗಾಜಿನಾಚೆಯ ತುಟಿಗಳು

ನನ್ನ ಮುದ್ದು ಪುಟ್ಟೀ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳೆ, ಅಮ್ಮನಿಗೆ ತಲೆ ಕೆಟ್ಟಿದೆ ಎನ್ನಬೇಡ. ನೂಲಿನ ಮಿಲ್ಲಿನ ಸದ್ದಿಗೆ ಕಿವಿ ಕಳೆದುಕೊಂಡು ಬಂದವಳು ನಾನು. ಗುಟ್ಟು ಹೇಳಹೊರಟರೆ ಬೀದಿಗೆಲ್ಲ ಡಂಗುರ ಸಾರಿದಂತಾಗುತ್ತದೆ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಇವತ್ತು ಮಧ್ಯಾಹ್ನ ನಿಮ್ಮ ಕಾಲ್ ಸೆಂಟರಿನ ಮೀಟಿಂಗ್ ರೂಮಿನ ಗಾಜು ಒರೆಸುತ್ತಿದ್ದೆ. ಒಳಗೆ ನಿಮ್ಮ ಮ್ಯಾನೇಜರು, ಜೊತೆಗೆ ಇನ್ನೊಬ್ಬರು. ಬಾಗಿಲು ಹಾಕಿತ್ತು, ಈ ಕಿವುಡಿಗೆ ಏನು ತಿಳಿದೀತು ಎಂದುಕೊಂಡಿರಬೇಕು. ನಾನು ನಿನ್ನ ಅಮ್ಮ ಎಂಬುದೂ ಅವರಿಗೆ ಗೊತ್ತಿಲ್ಲ. ಮಿಲ್ಲಿನಲ್ಲಿ ನಾವು ತುಟಿ ನೋಡಿಯೇ ಹರಟೆ ಹೊಡೆಯುತ್ತಿದ್ದೆವು ಎಂಬುದಂತೂ ಗೊತ್ತೇ ಇಲ್ಲ.

"ನಾಳೆ ಆ ಹುಡುಗಿ ದನಿ ನಮಗೆ ಬರ್ಕೊಟ್ಟು ಸಹಿ ಹಾಕ್ಲಿ. ಆಮೇಲೆ ಫೋನೆಲ್ಲ ಯಂತ್ರಾನೇ ಎತ್ತುತ್ತೆ, ಅವಳ ದನೀಲೇ. ಮೂವತ್ತೆರಡು ಜನಾನೂ ಮನೆಗೆ ಕಳಿಸೋಣ. ಅವಳನ್ನೂ ಸೇರಿಸಿ."

ನಿಮ್ಮ ಮ್ಯಾನೇಜರು ನಗುತ್ತ ಅಂದರು ಕಣೇ. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತ ನಿಂತೆ.

ಮೂರು ತಿಂಗಳಿಂದ ನಿನ್ನನ್ನು ಬೇರೆ ಕೋಣೆಯಲ್ಲಿ ಕೂರಿಸಿ ವಾಕ್ಯ ಓದಿಸಿದ್ದು ಇದಕ್ಕೆ! "ಎಲ್ಲರಿಗಿಂತ ನನ್ನ ದನೀನೇ ಚೆನ್ನಾಗಿದೆಯಂತಮ್ಮಾ, ಬಡ್ತಿ ಕೊಡ್ತಾರಂತೆ" ಎಂದು ನೀನು ಕುಣಿದಾಡಿದ್ದೆ. ನಾನೂ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ನಿನ್ನಿಂದ ಮುಚ್ಚಿಟ್ಟ ಮಾತೊಂದಿದೆ. ಮಿಲ್ಲಿಗೂ ಹೀಗೆಯೇ ಇಬ್ಬರು ಬಂದಿದ್ದರು. ಹರಿದ ನೂಲಿಗೆ ನನ್ನಷ್ಟು ಬೇಗ ಗಂಟು ಹಾಕುವವರೇ ಇಲ್ಲವೆಂದು ಹೊಗಳಿದರು. ನಾನು ಉಬ್ಬಿಹೋದೆ. ಎಂಟು ದಿನ ಬೆರಳು ಹೇಗೆ ಆಡಿಸಬೇಕೆಂದು ತೋರಿಸಿಕೊಟ್ಟೆ, ಅವರು ಬರೆದುಕೊಂಡರು. ವರ್ಷ ತುಂಬುವುದರೊಳಗೆ ತಾನೇ ಗಂಟು ಹಾಕುವ ಯಂತ್ರ ಬಂತು. ನಮ್ಮ ಸಾಲಿನ ಅಷ್ಟೂ ಹೆಂಗಸರು ಮನೆಮನೆಯ ಮುಸುರೆ ತಿಕ್ಕಲು ಹೋದರು. ಅದು ನನ್ನಿಂದ ಎಂದು ಇವತ್ತಿಗೂ ಅವರಿಗೆ ಗೊತ್ತಿಲ್ಲ.

ನಿಮ್ಮಜ್ಜಿ ಹೊಲ ಬಿಟ್ಟು ಮಿಲ್ಲಿಗೆ ಬಂದಳು, ನಾನು ಮಿಲ್ಲು ಬಿಟ್ಟು ಪೊರಕೆ ಹಿಡಿದೆ. ನೀನು ಎಲ್ಲಿಗೆ ಹೋಗಬೇಕೆಂಬುದು ನನಗೆ ಹೊಳೆಯುತ್ತಲೇ ಇಲ್ಲ ಮಗಳೇ.

ನಾಳೆ ಸಹಿ ಹಾಕಬೇಡ. ಮೊದಲು ಉಳಿದ ಮೂವತ್ತೊಂದು ಜನರಿಗೆ ಹೇಳು. ಯಾರು ಹೇಳಿದರು ಎಂದು ಕೇಳಿದರೆ ನನ್ನ ಕಡೆಗೆ ಕೈ ತೋರಿಸು. ನನ್ನ ಕೆಲಸ ಹೋದರೆ ಹೋಗಲಿ.

ನೀನು ಹುಟ್ಟುವ ಹೊತ್ತಿಗೇ ನನ್ನ ಕಿವಿ ಹೋಗಿತ್ತು. ನಿನ್ನ ದನಿ ಹೇಗಿದೆ ಎಂದು ನಾನು ಒಂದು ದಿನವೂ ಸರಿಯಾಗಿ ಕೇಳಿದವಳಲ್ಲ. ಹೆತ್ತವಳಿಗೇ ದಕ್ಕದ್ದನ್ನು ಅವರಿಗೆ ಬರೆದುಕೊಡಬೇಡ ಕಂದಾ.

ನೂರು ವರ್ಷ ನಿನ್ನ ಮಾತು ನೀನೇ ಆಡುತ್ತಿರು.

ನಿನ್ನ ತುಟಿ ನೋಡುತ್ತ ಬದುಕಿದ,
ಅಮ್ಮ