ಹಸಿ ಗೋಡೆಗೆ ನೀರು

ಕೆಂಚನಕೊಪ್ಪ, ಅಂಚೆ ತಡಸ,
ತಾಲ್ಲೂಕು ಶಿಗ್ಗಾಂವ,
೯ ಮಾರ್ಚ್ ೧೯೮೪, ಶುಕ್ರವಾರ

ಪ್ರೀತಿಯ ಮಾರೆಪ್ಪಣ್ಣನಿಗೆ ನಿನ್ನ ತಂಗಿ ಅಡಿವೆವ್ವ ಮಾಡುವ ನಮಸ್ಕಾರಗಳು.

ನಿನ್ನ ಕೆಮ್ಮು ಈಗ ಹೇಗಿದೆ? ಗೋವಾದ ಉಪ್ಪುಗಾಳಿ ನಿನಗೆ ಆಗಿಬರುವುದಿಲ್ಲ ಎಂದು ಅವ್ವ ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ. ಮೈಗೆ ಹಚ್ಚಿಕೊಳ್ಳಲು ಒಳ್ಳೆಣ್ಣೆ ಕಳಿಸುತ್ತೇನೆ ಎನ್ನುತ್ತಾಳೆ. ಅಂಚೆಯಲ್ಲಿ ಎಣ್ಣೆ ಕಳಿಸಲು ಬರುವುದಿಲ್ಲ ಎಂದು ನಾನೂ ದಿನಾ ಹೇಳುತ್ತೇನೆ. ರಾತ್ರಿ ಕೆಲಸ ಹಿಡಿಯಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ಅವ್ವ ಆರಾಮ ಇದ್ದಾಳೆ. ಮೊಣಕಾಲು ನೋವು ಇದ್ದದ್ದೇ, ಆದರೆ ಈ ತಿಂಗಳು ಅದರ ಸುದ್ದಿ ತೆಗೆದೇ ಇಲ್ಲ. ಏಕೆ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ. ನಾನು ಎಂದಿನಂತೆ ಬಾಲವಾಡಿಗೆ ಕಲಿಸಲು ಹೋಗಿಬರುತ್ತಿದ್ದೇನೆ.

ಮನೆ ಎದ್ದಿತು ಅಣ್ಣಾ. ಹೋದ ದೀಪಾವಳಿಗೆ ನೀನು ಬಂದಾಗ ಕೇರಿಯ ಒಂಬತ್ತು ಗುಡಿಸಲುಗಳೂ ಬೆಂಕಿಗೆ ಬಿದ್ದು ಕರಕಲಾಗಿದ್ದವು. ತಡಕೆ ಕಟ್ಟಿ, ಮೇಲೆ ತಾಡಪಾಲು ಹೊದಿಸಿ, ಕಣ್ಣು ಒರೆಸಿಕೊಂಡು ಹೋದವನು ನೀನು. ಅದೇ ಜಾಗದಲ್ಲಿ ಈಗ ಇಟ್ಟಂಗಿ ಗೋಡೆ, ಮಂಗಳೂರು ಹಂಚು. ಕಟ್ಟಿದವರು ಯಾರು ಎಂದರೆ ನೀನು ನಂಬುವುದಿಲ್ಲ. ಕೆನಡಾ ದೇಶದ ಒಂದು ಚರ್ಚಿನ ಮಂದಿ! ಹುಬ್ಬಳ್ಳಿಯ ಪಾದ್ರಿ ದೇವದಾನಪ್ಪನವರು ನಮ್ಮ ಬೆಂಕಿಯ ಸುದ್ದಿಯನ್ನು ಯಾರಿಗೋ ಬರೆದಿದ್ದರಂತೆ. ಸಾಮಾನಿಗೆ ಆ ಚರ್ಚಿನವರೇ ಹಣ ಕೂಡಿಸಿದರು. ಫೆಬ್ರವರಿ ಮೊದಲ ವಾರ ಒಂದು ಮೆಟಡೋರ್ ಬಂದು ನಿಂತಿತು. ಕೆಂಪು ಕೆಂಪು ಮುಖದ ಹನ್ನೆರಡು ಜನ ಇಳಿದರು. ಮೂಗಿನ ಮೇಲೆಲ್ಲ ಬಿಳಿ ಮುಲಾಮು ಬಳಿದುಕೊಂಡಿದ್ದರು. ಅದನ್ನು ನೋಡಿ ನಮ್ಮ ಕೇರಿಯ ಹುಚ್ಚಪ್ಪಜ್ಜ, “ಇವರೂ ವಿಭೂತಿ ಹಚ್ಚತಾರೇನ? ಮೂಗಿಗ್ಯಾಕ ಹಚ್ಯಾರ?” ಎಂದು ಕೇಳಿದ. ಬಿಸಿಲಿಗೆ ಚರ್ಮ ಸುಲಿಯಬಾರದೆಂದು ಹಚ್ಚಿಕೊಳ್ಳುವ ಮುಲಾಮು ಅದು ಎಂದು ನನಗೂ ಆಮೇಲೆಯೇ ಗೊತ್ತಾದದ್ದು. ಎಲ್ಲರೂ ಸ್ವಂತ ಖರ್ಚಿನಲ್ಲಿ ವಿಮಾನ ಹತ್ತಿ ಬಂದವರು. ಅವರಲ್ಲಿ ರೈತರಿದ್ದರು, ಒಬ್ಬ ಹಲ್ಲಿನ ಡಾಕ್ಟರ್ ಇದ್ದ, ಒಬ್ಬಾಕೆ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಇದನ್ನು ಕೇಳಿದ ಅವ್ವನಿಗೆ ನಿದ್ದೆಯೇ ಹತ್ತಲಿಲ್ಲ. “ದುಡ್ಡು ಕೊಟ್ಟು ಮಣ್ಣು ಹೊರಾಕ ಬಂದಾರಂದ್ರ ಇವರ ಮನ್ಯಾಗ ಏನೋ ಜಗಳ ಆಗಿರಬೇಕು” ಎಂದಳು.

ಅನುಮಾನವೂ ಇತ್ತು, ಮುಚ್ಚಿಡುವುದಿಲ್ಲ. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದು ಜಗಲಿಯ ಮೇಲಿನ ದೇವರನ್ನೆಲ್ಲ ಇಳಿಸಿದಾಗ ನೆಂಟರು ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದರಲ್ಲ. ಈಗ ಮನೆ ಕಟ್ಟಿಸಿಕೊಂಡ ಋಣಕ್ಕೆ ಇನ್ನೊಮ್ಮೆ ಬದಲಾಗು ಎಂದರೆ ಏನು ಮಾಡುವುದು? ಅವ್ವ ಸುತ್ತಿ ಬಳಸಿ ಮಾತಾಡುವವಳಲ್ಲ. ಪಾದ್ರಿಗಳು ಪಾಯಾದ ಗುರುತು ಹಾಕುತ್ತಿದ್ದಾಗ ಎದುರಿಗೇ ನಿಂತು ಕೇಳಿಬಿಟ್ಟಳು: “ಈ ಮನ್ಯಾಗ ನಮ್ಮ ಬುದ್ಧನ ಫೋಟೋ ಹಾಕಬಹುದೋ ಇಲ್ಲೋ? ಈಗ ಹೇಳಿಬಿಡ್ರಿ, ಆಮ್ಯಾಲೆ ಮಾತು ಬ್ಯಾಡ.” ಅವರು ಹಗ್ಗ ಕೆಳಗಿಟ್ಟರು. “ಹಾಕ್ರಿ ಚೌಡವ್ವ. ಸಂಜಿಮುಂದ ನಾವು ಹಾಡ್ತೇವಿ, ಪ್ರಾರ್ಥನಾ ಮಾಡ್ತೇವಿ. ಬರಬೇಕನ್ನಿಸಿದ್ರ ಬರ್ರಿ, ಇಲ್ಲಂದ್ರ ಇಲ್ಲ. ಮನಿಗೂ ಅದಕ್ಕೂ ಗಂಟು ಹಾಕಂಗಿಲ್ಲ” ಎಂದರು. ಅವರು ಆ ಮಾತಿಗೆ ತಪ್ಪಲಿಲ್ಲ. ಸಂಜೆ ಶಾಲೆಯ ಪಡಸಾಲೆಯಲ್ಲಿ ಹಾಡುತ್ತಿದ್ದರು. ಅವ್ವ ಹೋಗಿ ಕೊನೆಯಲ್ಲಿ ಕೂತು ಕೇಳಿ ಬರುತ್ತಿದ್ದಳು. ರಾಗ ಚಲೋ ಐತಿ, ಆದರ ಎಲ್ಲಾ ಒಂದ ಕಡೆ ಹೋಗತೈತಿ ಎನ್ನುತ್ತಿದ್ದಳು.

ಕೆಲಸಕ್ಕೆ ಹಿರೇಕೆರೂರಿನ ಗುದ್ಲೆಪ್ಪ ಗೌಂಡಿ ಮುಂದಾಳು. ಬಂದವರೂ ನಾವೂ ಅವನ ಕೈಕೆಳಗೆ. ಇಟ್ಟಂಗಿ ಹೊತ್ತೆವು, ಉಸುಕು ಸಾಣಿಸಿದೆವು. ನಮ್ಮ ಮನೆಯ ಪಾಲಿಗೆ ಬಂದವಳು ಹೆಲನ್ ಎಂಬ ಐವತ್ತೈದರ ಹೆಂಗಸು. ಗಂಡ ತೀರಿಕೊಂಡಿದ್ದಾನೆ, ಗೋಧಿ ಬೆಳೆಯುವ ಹೊಲಮನೆಯವಳು. ಅವ್ವನ ಬಾಯಲ್ಲಿ ಆ ಹೆಸರು ಹೊರಳಲಿಲ್ಲ. ಎರಡನೆಯ ದಿನಕ್ಕೆ ಅವಳು ಎಲ್ಲವ್ವನಾದಳು. ಕ್ರಿಶ್ಚನ್ ಹೆಂಗಸು, ಬೌದ್ಧರ ಮನೆ, ಕರೆಯುವುದು ನಮ್ಮ ಕಡೆಯ ದೇವಿ ಎಲ್ಲವ್ವನ ಹೆಸರಿನಿಂದ! ಪಾದ್ರಿಗಳು ನಕ್ಕು ನಕ್ಕು ಅದರ ಅರ್ಥ ಹೇಳಿದರೆ, ಅವಳು ಅದೇ ಹೆಸರನ್ನು ತನ್ನ ಟೊಪ್ಪಿಗೆಯ ಮೇಲೆ ಬರೆಸಿಕೊಂಡಳು. ಅವಳಿಗೆ ಕಂಡದ್ದೆಲ್ಲ ಏನೆಂದು ತಿಳಿಯಬೇಕು. ಎಮ್ಮೆಯ ಕೊರಳಿಗೆ ಮರದ ತುಂಡು ಏಕೆ, ಹೊಸ್ತಿಲು ತುಳಿಯಬಾರದು ಏಕೆ, ರೊಟ್ಟಿ ಬಡಿಯುವಾಗ ಕೈ ಏಕೆ ಸುಡುವುದಿಲ್ಲ. ಒಂದು ದಿನ ಸವಣೂರಿನ ಕುರುಕಲು ಖಾರ ತಿಂದು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ, ಇನ್ನೊಂದು ಹಿಡಿ ಕೊಡು ಎಂದು ಕೈ ಒಡ್ಡಿದಳು. ನಮ್ಮ ಕಿಟಕಿಯನ್ನು ಕೂಡಿಸಿದ್ದು ಅವಳೇ. ಸ್ವಲ್ಪ ಓರೆಯಾಗಿದೆ. ನೀನು ಬಂದು ನೋಡಿದರೆ ನಗುತ್ತೀ, ಆದರೆ ಅವ್ವನ ಎದುರಿಗೆ ಮಾತ್ರ ನಗಬೇಡ.

ಇನ್ನು ನೀರಿನ ಮಾತು. ನಮ್ಮ ಹಳ್ಳದ ಒರತೆ ಶಿವರಾತ್ರಿಗೆ ಮೊದಲೇ ಬತ್ತುವುದು ನಿನಗೆ ಗೊತ್ತಿದ್ದದ್ದೇ. ಊರ ಬಾವಿಯ ಕಟ್ಟೆಯ ಕೆಳಗೆ ಕೊಡ ಇಟ್ಟು, ಮೇಲಿನ ಓಣಿಯ ಯಾರಾದರೂ ಸುರಿದಾರು ಎಂದು ನಿಂತು ನಿಂತು ನಮ್ಮ ಅರ್ಧ ಬೇಸಿಗೆ ಕಳೆಯುತ್ತದೆ. ಒಂಬತ್ತು ಮನೆಯ ಸಿಮೆಂಟಿಗೆ ಹಾಗೆ ಕಾಯುತ್ತ ಕೂತರೆ ಆದೀತೇ? ಪಾದ್ರಿಗಳು ಹೋಗಿ ಊರ ಗೌಡರಾದ ಕರಿಬಸಪ್ಪನವರನ್ನು ಕೇಳಿದರು. ಗೌಡರು ಪರದೇಶದ ಅತಿಥಿಗಳೆಂದು ಒಪ್ಪಿದರು. ಅವರು ಸೇದಲಿ, ಕೇರಿಯವರು ಕೆಳಗೆ ನಿಂತು ಹೊರಲಿ ಎಂದರು. ಮೊದಲ ದಿನ ಎಲ್ಲವ್ವ ಸೇದಿದಳು. ಎರಡನೆಯ ದಿನಕ್ಕೆ ಅವಳ ಅಂಗೈ ಬೊಬ್ಬೆ ಎದ್ದು ಒಡೆದು, ಹಗ್ಗಕ್ಕೆ ರಕ್ತ ಹತ್ತಿತು. ಕೆಳಗೆ ನಿಂತಿದ್ದ ಅವ್ವ ಕಟ್ಟೆ ಹತ್ತಿ, “ಬಿಡವ್ವ, ಬಿಡು” ಎಂದು ಅವಳ ಕೈಯಿಂದ ಹಗ್ಗ ತೆಗೆದುಕೊಂಡಳು. ಸೇದುತ್ತಲೇ ಹೋದಳು. ಮೇಲಿನ ಓಣಿಯ ಹೆಂಗಸರು ನೋಡಿದರು. ಯಾರೂ ಮಾತಾಡಲಿಲ್ಲ. ಬಂದವರ ಮುಂದೆ ಆಡುವ ಮಾತಲ್ಲ ಅದು ಎಂದು ಅವರಿಗೂ ಅನ್ನಿಸಿರಬೇಕು. ಮರುದಿನದಿಂದ ಕೇರಿಯ ನಾವೆಲ್ಲರೂ ಸೇದತೊಡಗಿದೆವು. ನಾನು ಆ ಬಾವಿಯ ಒಳಗನ್ನು ನೋಡಿದ್ದು ಅದೇ ಮೊದಲು ಅಣ್ಣಾ. ತಳದವರೆಗೂ ಮೆಟ್ಟಿಲುಗಳಿವೆ. ಕಲ್ಲಿನ ಸಂದಿನಲ್ಲಿ ಗಿಳಿಗಳು ಗೂಡು ಕಟ್ಟಿವೆ. ನಿನಗೆ ಗೊತ್ತಿತ್ತೇ?

ಒಂದು ಮಧ್ಯಾಹ್ನ ಉಂಡು ಕೂತಿದ್ದಾಗ ಅವ್ವ ತನ್ನ ತಲೆ ತಿನ್ನುತ್ತಿದ್ದ ಪ್ರಶ್ನೆಯನ್ನು ಪಾದ್ರಿಗಳ ಮುಖಾಂತರ ಕೇಳಿಸಿದಳು, ಇಷ್ಟು ದೂರ ಏಕೆ ಬಂದೆ ಎಂದು. ಅದಕ್ಕೆ ಎಲ್ಲವ್ವ, ದೇವರ ಕೆಲಸ ಎಂದು ಊರಲ್ಲಿ ಎಲ್ಲರಿಗೂ ಹೇಳಿ ಬಂದಿದ್ದೇನೆ, ಅದು ಸುಳ್ಳಲ್ಲ. ಆದರೆ ಹುಟ್ಟಿದಾಗಿನಿಂದ ಗೋಧಿ ಹೊಲ ಬಿಟ್ಟು ಏನೂ ನೋಡಿದವಳಲ್ಲ ನಾನು, ಇಂಡಿಯಾದಲ್ಲಿ ದಾರಿಯ ಮೇಲೇ ಆನೆ ಓಡಾಡುತ್ತವೆ ಎಂದು ಯಾರೋ ಹೇಳಿದರು, ನೋಡೋಣ ಎಂದು ಕೈ ಎತ್ತಿಬಿಟ್ಟೆ ಎಂದಳು. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಈಕಿ ಖರೇ ಹೇಳಾಕಿ” ಎಂದು ಅವತ್ತಿನಿಂದ ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣತೊಡಗಿದಳು.

ಆಮೇಲೆ ಎಲ್ಲವ್ವನ ಸರದಿ. ಆ ಬಾವಿಯನ್ನು ಕಟ್ಟಿದವರು ಯಾರು ಎಂದು ಕೇಳಿದಳು. ಮೆಟ್ಟಿಲಿನ ಕಲ್ಲುಗಳು ಅಷ್ಟು ಚೆಂದ ಕೂತಿವೆಯಲ್ಲ, ಅದಕ್ಕೆ. ಅವ್ವ ಎಲೆ ಮಡಿಸುತ್ತ, ಬಹಳ ಸಾದಾ ಮಾತಿನಂತೆ ಹೇಳಿದಳು: “ನಮ್ಮ ಮಾವ, ಅವನ ಅಣ್ಣತಮ್ಮರು. ಬರಗಾಲದಾಗ ಅಗದಿದ್ದು. ನೀರು ಬಿದ್ದ ದಿನ ಇವರನ್ನ ಮ್ಯಾಲ ಹತ್ತಿಸಿ, ತಲಿಗೆ ಸುತ್ತಾಕ ಒಂದೊಂದು ಪಟಗಾ ಕೊಟ್ಟು ಕಳಿಸಿದ್ರಂತ. ಆಮ್ಯಾಲೆ ಕಟ್ಟಿ ಹತ್ತಿಸಿಲ್ಲ.” ಪಾದ್ರಿಗಳು ಅದನ್ನು ಇಂಗ್ಲಿಷಿಗೆ ಮಾಡಲು ಬಹಳ ಹೊತ್ತು ತೆಗೆದುಕೊಂಡರು. ನನಗೆ ತಡೆಯಲಾಗಲಿಲ್ಲ. ನಮ್ಮ ಅಜ್ಜ ಅಗೆದ ಬಾವಿಯೇ? ಇಷ್ಟು ವರ್ಷ ಏಕೆ ಹೇಳಲಿಲ್ಲ? ಅವ್ವ ನನ್ನ ಮುಖವನ್ನೇ ನೋಡಿದಳು. “ನೀ ಯಾವತ್ತ ಕೇಳಿದ್ದಿ?” ಎಂದಳು. ಬಾಲವಾಡಿಯ ಮಕ್ಕಳು ದಿನಕ್ಕೆ ನೂರು ಪ್ರಶ್ನೆ ಕೇಳಿದರೆ ಬೇಸರಪಡುತ್ತಿದ್ದವಳು ನಾನು. ಈಗ ಬೇಸರಪಡುವುದಿಲ್ಲ.

ಹೋದ ಶನಿವಾರ ಅವರು ಹೊರಟರು. ಎಲ್ಲವ್ವ ಅವ್ವನನ್ನು ತಬ್ಬಿಕೊಂಡು ಅತ್ತಳು. ಅವ್ವ ಅವಳ ಬೆನ್ನು ತಟ್ಟಿ, “ಆನಿ ನೋಡಿ ಹೋಗು, ಮರೀಬ್ಯಾಡ” ಎಂದಳು. ನಮ್ಮ ಮನೆಯೂ ಅದರ ಆಚೆಯದೂ ಕೊನೆಗೆ ಕಟ್ಟಿದವು. ಗೋಡೆ ಇನ್ನೂ ಹಸಿ ಇತ್ತು. ನೀರುಣಿಸದಿದ್ದರೆ ಸಿಮೆಂಟು ಬಿರುಕು ಬಿಡುತ್ತದೆ, ಹೊತ್ತು ತಪ್ಪಿಸಬೇಡಿ ಎಂದು ಗುದ್ಲೆಪ್ಪ ಎಚ್ಚರಿಸಿ ಹೋಗಿದ್ದ. ರವಿವಾರ ಬೆಳಿಗ್ಗೆ ಅವ್ವ ಕೊಡ ತೆಗೆದುಕೊಂಡು ಹೊರಟಳು. ನಾನು ಹಿಂದೆ.

ಅವ್ವ ಕೊಡ ಇಳಿಬಿಟ್ಟು ಸೇದುತ್ತಿದ್ದಾಗ ಕರಿಬಸಪ್ಪಗೌಡರು ಬಂದರು. ಸಿಟ್ಟು ಮಾಡಲಿಲ್ಲ, ಸಮಾಧಾನದಿಂದಲೇ ಮಾತಾಡಿದರು. “ಚೌಡವ್ವ, ಪರದೇಶದವರು ಹ್ವಾದ್ರಲ್ಲ. ಇನ್ನ ಮೊದಲಿನಂಗ ನಡೀಲಿ.” ಸುತ್ತ ಹೆಂಗಸರು ತುಂಬಿದ್ದರು. ಅವ್ವನ ಕೈ ನಿಂತಿತು. ಹಗ್ಗ ಬಿಟ್ಟುಬಿಡುತ್ತಾಳೆ ಎಂದೇ ನಾನು ಅಂದುಕೊಂಡೆ. “ಹೌದ್ರಿ ಗೌಡ್ರ, ಅವರು ಹ್ವಾದ್ರು. ಗೋಡಿ ಇಲ್ಲೇ ಐತಿ. ಅದಕ್ಕ ನೀರು ಬೇಕು” ಎಂದಳು. ಗೌಡರು ಅವಳ ಕೈಯಲ್ಲಿದ್ದ ಹಗ್ಗವನ್ನೇ ನೋಡಿದರು. ಆಗ ಬಾವಿಯ ಪಕ್ಕದ ಮನೆಯ ಮಾಬೂಬಿ, ಅರಿವೆ ಒಗೆಯುತ್ತಿದ್ದವಳು, ತಲೆ ಎತ್ತಿ, “ಹಗ್ಗ ಬಿಡಬ್ಯಾಡ ಚೌಡವ್ವ, ಕೊಡ ನಡುವ ಐತಿ. ಕಲ್ಲಿಗೆ ಬಡದು ನೆಗ್ಗತೈತಿ” ಎಂದು ಕೂಗಿದಳು. ಅಷ್ಟೇ. ಅವ್ವ ಸೇದಿದಳು. ತುಂಬಿದ ಕೊಡವನ್ನು ಮಾಬೂಬಿಯೇ ಎದ್ದು ಬಂದು ಅವಳ ಸೊಂಟಕ್ಕೆ ಏರಿಸಿದಳು. ಗೌಡರು ಹೊರಳಿ ಹೋದರು. ಆಮೇಲೆ ನಾನೂ ಸೇದಿದೆ. ಹಗ್ಗ ಕೈಯಿಂದ ಎರಡು ಸಲ ಜಾರಿತು. ಅವತ್ತಿನಿಂದ ದಿನಾ ಹೋಗುತ್ತಿದ್ದೇವೆ. ಕೆಲವರು ನಮ್ಮನ್ನು ಕಂಡರೆ ಮುಖ ತಿರುವುತ್ತಾರೆ, ಕೆಲವರು ಗೋಡೆ ಹೇಗಿದೆ ಎಂದು ಕೇಳುತ್ತಾರೆ. ಗೋಡೆ ಚೆನ್ನಾಗಿದೆ. ಎಲ್ಲಿಯೂ ಬಿರುಕಿಲ್ಲ.

ಹಾನಗಲ್ಲಿನಿಂದ ಬಾಗಿಲು ಬರುವುದೊಂದು ಬಾಕಿ. ಅಲ್ಲಿಯವರೆಗೆ ಗೋಣಿತಾಟು ಕಟ್ಟಿದ್ದೇವೆ. ಹುಚ್ಚಪ್ಪಜ್ಜ ನಿನ್ನನ್ನು ಕೇಳುತ್ತಿದ್ದ. ಅವ್ವ ನಿನ್ನ ತಲೆಯ ಮೇಲೆ ಕೈ ಇಟ್ಟಂತೆ ತಿಳಿ ಎಂದು ಬರೆಸಿದ್ದಾಳೆ. ನಿನ್ನ ಜೊತೆ ಕೆಲಸ ಮಾಡುವ ನಮ್ಮ ಊರ ಕಡೆಯವರೆಲ್ಲರಿಗೂ ನನ್ನ ನೆನಪುಗಳು.

ನಿನ್ನ ಪ್ರೀತಿಯ ತಂಗಿ,
ಅಡಿವೆವ್ವ

ತಾ.ಕ.: ಅವ್ವ ಎಮ್ಮೆಗೆ ಮೇವು ಹಾಕಲು ಹೋಗಿದ್ದಾಳೆ, ಅವಳು ಬರುವುದರೊಳಗೆ ಇಷ್ಟು ಬರೆಯುತ್ತೇನೆ. ನಿನಗೆ ತಿಳಿಸಬೇಡ ಎಂದಿದ್ದಾಳೆ. ಬರುವ ಹೋಳಿಹುಣ್ಣಿಮೆ ಕಳೆದ ಮೇಲಿನ ಸೋಮವಾರಕ್ಕೆ ಪಂಚರು ಅವ್ವನನ್ನು ಚಾವಡಿಗೆ ಕರೆದಿದ್ದಾರೆ. ಗೋಡೆ ಒಣಗುವವರೆಗೆ ನೀರು ಒಯ್ಯಿರಿ, ಆಮೇಲೆ ಬಿಡುತ್ತೇವೆಂದು ಎಲ್ಲರೆದುರು ಹೇಳಿರಿ, ಮಾತು ಅಲ್ಲಿಗೆ ಮುಗಿಯಲಿ ಎಂದು ಹೇಳಿಕಳಿಸಿದ್ದಾರೆ. ಅವ್ವ, ಗೋಡೆ ಒಣಗಿದ ಮೇಲೆ ಕುಡಿಯಲು ಒಯ್ಯುತ್ತೇವೆ ಎಂದು ಹೇಳುವವಳಿದ್ದಾಳೆ. ನಾನೂ ಜೊತೆಗೆ ಹೋಗುತ್ತೇನೆ. ಬರುವುದಾದರೆ ಬಾ ಅಣ್ಣಾ. ಹೋಗಬೇಡಿ ಎನ್ನುವುದಕ್ಕೆ ಮಾತ್ರ ಬರಬೇಡ.