‘ಬಿಚ್ಚಬ್ಯಾಡ’ ಎಂದು ಬರೆದ ಜಂಬಣ್ಣನವರಿಗೆ

ಗಾಡಿಮನೆ, ಸಂಡೂರು ಗುಡ್ಡ
೨೧೧೯, ಫೆಬ್ರವರಿ ಮೂವತ್ತು

ಜಂಬಣ್ಣನವರೇ,

ತಾರೀಖು ನೋಡಿ ಯಾರೋ ತಲೆ ಕೆಟ್ಟವಳು ಬರೆದಿದ್ದಾಳೆ ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಆಗ ಯಂತ್ರಗಳನ್ನೆಲ್ಲ ನಿಲ್ಲಿಸಿ ಎಣ್ಣೆ ಹಾಕುತ್ತೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ತೀರಿಹೋದವರಿಗೂ ಕಾಗದ ಬರೆಯುವುದು ನಮ್ಮಲ್ಲಿ ರೂಢಿ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತೇವೆ.

ನಾನು ಹುಲಿಗೆವ್ವ. ನಿಮ್ಮ ಫೋರ್ ವೀಲ್ ಜೀಪನ್ನು ಈಗ ನೋಡಿಕೊಳ್ಳುವವಳು. ಹೌದು, ಅದು ಇನ್ನೂ ಓಡುತ್ತದೆ. ಮೀಟರು ಲಕ್ಷ ಮುಟ್ಟಿ ಸೊನ್ನೆಗೆ ಮರಳುವುದಕ್ಕೆ ನಾವು ‘ಸುತ್ತು’ ಎನ್ನುತ್ತೇವೆ. ನೀವು ನಾಲ್ಕನೇ ಸುತ್ತಿನಲ್ಲಿ ಬಿಟ್ಟಿರಿ, ಈಗ ಹನ್ನೊಂದನೆಯದು. ಎಂಜಿನ್ನು ಮೂರನೆಯದು, ಹೊಂಗೆ ಎಣ್ಣೆಯಲ್ಲಿ ನಡೆಯುತ್ತದೆ. ಗೇರ್ ಬಾಕ್ಸ್ ಮಾತ್ರ ನಿಮ್ಮದೇ, ಎರಡನೇ ಗೇರಿನಲ್ಲಿ ಈಗಲೂ ಗೊಣಗುತ್ತದೆ. ಕೆಳಗಿನ ಹೊಸ ಗಾಡಿಗಳು ಕಲ್ಲುದಾರಿ ಕಂಡರೆ ತಾವೇ ನಿಂತುಬಿಡುತ್ತವೆ. ಹಾಗಾಗಿ ಗುಡ್ಡದ ಆರು ಊರಿಗೆ ಇದೊಂದೇ ದಿಕ್ಕು. ಬಸುರಿಯರು, ಬಿದ್ದು ಕಾಲು ಮುರಿದವರು ಎಲ್ಲರೂ ಆಸ್ಪತ್ರೆಗೆ ಇದರಲ್ಲೇ ಇಳಿಯಬೇಕು.

ನಮ್ಮಲ್ಲಿ ‘ಕೈಗುರುತು’ ಎಂಬ ಕಟ್ಟಳೆಯಿದೆ. ರಿಪೇರಿ ಮಾಡಿದವರು ಬಿಗಿದ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದು, ಪುಸ್ತಕದಲ್ಲಿ ಕಾರಣ ಬರೆಯಬೇಕು. ಮುಂದಿನವರು ಆ ಪುಟವನ್ನು ಗಟ್ಟಿಯಾಗಿ ಓದದೆ ಅದಕ್ಕೆ ಸ್ಪ್ಯಾನರ್ ಹಾಕುವಂತಿಲ್ಲ. ಇದು ಶುರುವಾದದ್ದೇ ನಿಮ್ಮಿಂದ. ಗ್ರೀಸು ಮೆತ್ತಿದ ನಿಮ್ಮ ಪುಸ್ತಕ ನನ್ನ ಹತ್ತಿರವಿದೆ. “ಕ್ಲಚ್ ಮ್ಯಾಲೆ ಕಾಲಿಟ್ಕಂಡು ಕೂಡಬ್ಯಾಡ್ರೋ, ಅದು ಗುಡಿ ಕಟ್ಟಿ ಅಲ್ಲ” ಎಂಬ ಸಾಲು ಓದಿದಾಗಲೆಲ್ಲ ನಗುತ್ತೇನೆ.

ಮುಂದಿನ ಆಕ್ಸಲ್ಲಿನ ಗೇರುಗಳಿರುವ ಗುಂಡನೆಯ ಡಬ್ಬಿಯ ಮೇಲೆ, ಎಣ್ಣೆ ಮುಚ್ಚಳದ ಪಕ್ಕ, ಕೆಂಪು ಬಣ್ಣದಲ್ಲಿ ‘ಬಿಚ್ಚಬ್ಯಾಡ’ ಎಂದು ಬರೆದಿದ್ದೀರಿ. ಕಾರಣದ ಪುಟ ಪುಸ್ತಕದಲ್ಲಿ ಸಿಗಲಿಲ್ಲ. ಹಾಗಾಗಿ ಯಾರೂ ಬಿಚ್ಚಲಿಲ್ಲ. ಒಳಗೆ ಎಣ್ಣೆ ಇದೆಯೋ ಇಲ್ಲವೋ ಒಮ್ಮೆ ನೋಡೋಣವೆಂದು ನನಗೆ ಕೆಲಸ ಕಲಿಸಿದ ಸೋದರಮಾವ ಕೊಟ್ರಬಸಪ್ಪನನ್ನು ಕೇಳಿದ್ದೆ. “ಹಿರೇರು ಸುಮ್ಸುಮ್ನ ಬರ್ದಿರ್ತಾರೇನಬೇ? ನಿಂದೊಂದು ಅತಿ ಆತು, ಮುಟ್ಟಬ್ಯಾಡ” ಎಂದು ಗದರಿದ. ಅಕ್ಷರ ಮಾಸದಿರಲೆಂದು ಎಣ್ಣೆ ಹಾಕುವ ಆ ಐದು ದಿನಗಳಲ್ಲಿ ಪ್ರತಿವರ್ಷ ಅದರ ಮೇಲೆ ಹೊಸ ಬಣ್ಣ ತೀಡುತ್ತಿದ್ದೆವು. ಕಳೆದ ಮೂವತ್ತು ವರ್ಷ ತೀಡಿದವಳು ನಾನೇ.

ಮುಂದಿನ ಗಾಲಿಗಳನ್ನು ಎಳೆತಕ್ಕೆ ಹಾಕುವ ಪ್ರಸಂಗ ವರ್ಷಕ್ಕೊಂದೆರಡು ಸಲ ಬಂದರೆ ಹೆಚ್ಚು. ಹೋದ ಮಳೆಗಾಲದಲ್ಲಿ ಬಂತು. ನನ್ನ ಮಗಳು ಪಂಪವ್ವನಿಗೆ ಬೆಳಿಗ್ಗೆ ಹೆರಿಗೆ ನೋವು ಕಾಣಿಸಿತ್ತು. ಆಸ್ಪತ್ರೆಗೆ ಕರೆದೊಯ್ಯುವಾಗ ಕೆಮ್ಮಣ್ಣ ಹಳ್ಳಕ್ಕಿಳಿದು ಮುಂದಿನ ಗಾಲಿಗಳ ಲಿವರ್ ಎಳೆದೆ. ಒಳಗೆ ಏನೋ ಕಡಿದು ಮುರಿದ ಸದ್ದಾಯಿತು. ಮುಂದಿನ ಗಾಲಿ ಎಳೆಯಲಿಲ್ಲ, ಹಿಂದಿನವು ಕೆಸರಿನಲ್ಲಿ ಹೂತವು. ಊರವರು ಬಂದು ಹಗ್ಗ ಕಟ್ಟಿ ಎಳೆಯುವಷ್ಟರಲ್ಲಿ ನಾಲ್ಕು ತಾಸು. “ಯವ್ವಾ, ಇನ್ನಾ ಎಷ್ಟೊತ್ತಬೇ?” ಎಂದು ಅವಳು ಕೇಳುತ್ತಲೇ ಇದ್ದಳು. ಮಗಳು ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣು ಮಗು.

ಆಮೇಲೆ ಬಿಚ್ಚಿದೆ. ಮುಚ್ಚಳದ ಸುತ್ತ ಸೋಪು, ನಾರು ತುಂಬಿತ್ತು. ಒಳಗೆ ಒಂದು ತೊಟ್ಟು ಎಣ್ಣೆ ಇರಲಿಲ್ಲ. ಆ ಸಿಟ್ಟಿನಲ್ಲೇ ಪುಸ್ತಕವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಗ್ರೀಸಿಗೆ ಅಂಟಿಕೊಂಡಿದ್ದ ಹಾಳೆಗಳನ್ನು ಬಿಡಿಸಿದೆ. ನಿಮ್ಮ ಅಕ್ಷರ ಕಂಡಿತು: “ಮುಚ್ಚಳದ ಥ್ರೆಡ್ಡು ಸವದೈತಿ. ಎಣ್ಣಿ ಸೋರದಂಗ ಸೋಪು ತುಂಬೀನಿ. ಸೋಮವಾರ ಹೊಸಪೇಟೆಯಿಂದ ಹೊಸಾದು ತರೋ ತನಕ ಬಿಚ್ಚಬ್ಯಾಡ.”

ಬಾಯಿಗೆ ಬಂದಂತೆ ಬೈದೆ ನಿಮ್ಮನ್ನು. ಆ ಸೋಮವಾರ ನಿಮಗೇನಾಯಿತೋ ನನಗೆ ಗೊತ್ತಿಲ್ಲ. ನೀವು ಬರೆದಿಟ್ಟಿದ್ದಿರಿ, ಹಾಳೆ ಬಿಡಿಸುವ ಧೈರ್ಯ ನಮಗಿರಲಿಲ್ಲ, ಬಣ್ಣ ತೀಡುವ ಭಕ್ತಿ ಮಾತ್ರ ಇತ್ತು. ಸಿಟ್ಟು ಇನ್ನೂ ಇಳಿದಿಲ್ಲ, ಬಹುಪಾಲು ನನ್ನ ಮೇಲೆಯೇ.

ನನ್ನದೊಂದೇ ಬೇಡಿಕೆ. ಆ ಕೆಂಪು ಬಣ್ಣದ ಬ್ರಷ್ಷು ಒಣಗುವ ಮೊದಲು ಇನ್ನೊಮ್ಮೆ ಗಾಡಿಯ ಕೆಳಗೆ ನುಸುಳಿ. ‘ಬಿಚ್ಚಬ್ಯಾಡ’ದ ಕೆಳಗೆ ‘ಸೋಮವಾರದ ತನಕ’ ಎಂದು ಬರೆಯಿರಿ. ಜಾಗ ಸಾಲುತ್ತದೆ. ನಾನು ಅಳೆದು ನೋಡಿದ್ದೇನೆ.

ಹುಲಿಗೆವ್ವ