ಪಾರ್ಲರಿನವಳ ಮೊಡವೆ

೨೦೧೦, ಫೆಬ್ರವರಿ ೯, ಮಂಗಳವಾರ. ಬೆಳಿಗ್ಗೆ ೬.೪೦

ಆರಕ್ಕೆ ಎರಡು ಮಾತ್ರೆ, ಖಾಲಿ ಹೊಟ್ಟೆಗೆ. ಚಹಾಕ್ಕೆ ಇನ್ನೂ ಇಪ್ಪತ್ತು ನಿಮಿಷ. ನಮ್ಮವರು ಟಾರ್ಚ್ ಹಿಡಿದು ಮುಖ ನೋಡಿದರು. ಹಣೆ, ಮೂಗು, ಗದ್ದ.

"ಏನೂ ಇಲ್ಲ ಬಿಡು," ಎಂದರು ಸಪ್ಪಗೆ. ಮಾತ್ರೆ ಶುರುವಾಗಿ ಇವತ್ತಿಗೆ ಒಂಬತ್ತು ದಿನ.

ಶ್ವಾಸಕೋಶದ ಕ್ಯಾನ್ಸರು, ಬೆನ್ನೆಲುಬಿಗೂ ಹೋಗಿದೆ. ಜನ್ಮದಲ್ಲಿ ಬೀಡಿ ಮುಟ್ಟಿದವಳಲ್ಲ. ಈಗ ಹೊಸ ಔಷಧದ ಟ್ರಯಲ್‌ಗೆ ಸೇರಿದ್ದೇನೆ. ಒಂದು ಮಾತ್ರೆ ಗಡ್ಡೆ ಬೆಳೆಯುವ ದಾರಿ ಮುಚ್ಚುತ್ತದಂತೆ, ಇನ್ನೊಂದು ಅದು ಹುಡುಕುವ ಕಳ್ಳದಾರಿಯನ್ನು. ಎರಡೂ ಕೂಡಿದರೆ ಎಷ್ಟು ಉಪಯೋಗ ಎನ್ನುವುದೇ ಪರೀಕ್ಷೆ. ಮುಖದ ತುಂಬ ಮೊಡವೆಯಂಥ ಗುಳ್ಳೆ ಎದ್ದರೆ ಔಷಧ ಹತ್ತುತ್ತಿದೆ ಎಂದುಕೊಳ್ಳಬಹುದು, ಖಾತ್ರಿಯಲ್ಲ — ಟ್ರಯಲ್ ನೋಡಿಕೊಳ್ಳುವ ಕೋಆರ್ಡಿನೇಟರ್ ಹೇಳಿದ್ದು, ತರುಣ ಅಂತ ಅವನ ಹೆಸರು. 'ಖಾತ್ರಿಯಲ್ಲ' ನಮ್ಮವರ ಕಿವಿಗೆ ಬೀಳಲೇ ಇಲ್ಲ.

ಲಿಂಗಂಪಲ್ಲಿಯಲ್ಲಿ ಇಪ್ಪತ್ತು ವರ್ಷದಿಂದ ಬ್ಯೂಟಿ ಪಾರ್ಲರ್ ನನ್ನದು. ಎಷ್ಟು ಸಾಫ್ಟ್‌ವೇರ್ ಹುಡುಗಿಯರ ಮೊಡವೆ ಓಡಿಸಿದ್ದೇನೋ. ಈಗ ಬಾ ಎಂದರೂ ಒಂದೂ ಬರುತ್ತಿಲ್ಲ.

ಫೆ. ೧೧, ಗುರುವಾರ

ಆಸ್ಪತ್ರೆ. ಸೂಗಪ್ಪನೂ ಬಂದಿದ್ದ. ಶಹಾಪುರದ ಕಡೆಯವನು, ಮಣಿಕೊಂಡದಲ್ಲಿ ಗೌಂಡಿ ಕೆಲಸ, ಗೋಡೆ ಕಟ್ಟಿ ಗಾರೆ ಬಳಿಯುವುದು. ನನ್ನದೇ ರೋಗ, ನನ್ನದೇ ಮಾತ್ರೆ, ಶುರು ಮಾಡಿದ್ದೂ ಒಂದೇ ದಿನ. ಅವನ ಮುಖದ ತುಂಬ ಗುಳ್ಳೆ, ಸೂಜಿ ಊರಲು ಜಾಗವಿಲ್ಲ. ಮೂಗಿನ ತುದಿಗೂ ಎರಡು.

"ಅಕ್ಕಾರ, ನಿಮಗಿನ್ನಾ ಬಂದಿಲ್ಲೇನ್ರೀ?"

ಪಾಪ, ಕನಿಕರದಿಂದಲೇ ಕೇಳಿದ. ನನಗೆ ಮೈ ಉರಿಯಿತು. ಐವತ್ತೆರಡು ವಯಸ್ಸು, ಹೊಟ್ಟೆಕಿಚ್ಚು ಗುಳ್ಳೆಗೆ...

ಫೆ. ೧೪, ಭಾನುವಾರ

ಗದ್ದದ ಮೇಲೆ ಒಂದು! ನಮ್ಮವರು ಗುಲಬರ್ಗಾಕ್ಕೆ, ತಮ್ಮ ತಂಗಿಗೆ ಫೋನ್ ಮಾಡಿ, "ಬಂತವ್ವಾ, ಬಂತು," ಎಂದರು. ಆಕೆ ನಮ್ಮ ಪೈಕಿ ಹುಡುಗಿಯೊಬ್ಬಳಿಗೆ ಒಳ್ಳೆಯ ಸಂಬಂಧ ಬಂತೆಂದುಕೊಂಡು ಅಭಿನಂದನೆ ಹೇಳಿದಳಂತೆ.

ಸಂಜೆ ಐದಕ್ಕೆ ಅದು ಇರಲಿಲ್ಲ. ಸೊಳ್ಳೆ.

ಫೆ. ೨೦, ಶನಿವಾರ

ಬಂದವು. ಎದ್ದಾಗ ಮುಖ ಉರಿಯುತ್ತಿತ್ತು. ಕನ್ನಡಿಯ ಮುಂದೆ ಅತ್ತೆ, ಆಮೇಲೆ ನಕ್ಕೆ. ನಕ್ಕರೂ ಉರಿ. ಟಾರ್ಚ್ ಬೇಕಾಗಲಿಲ್ಲ, ನಮ್ಮವರು ಮೂವತ್ತರವರೆಗೆ ಎಣಿಸಿ ಕೈಬಿಟ್ಟರು.

ತರುಣ ಫೋನಿನಲ್ಲಿ: "ಭವಾನಿ ಮೇಡಂ, ಡಾಕ್ಟರು ಕೊಟ್ಟ ಮುಲಾಮು ಮಾತ್ರ. ನಿಮ್ಮ ಪಾರ್ಲರಿಂದು ಏನೂ ಹಚ್ಕೋಬೇಡಿ."

ಶೆಲ್ಫಿನಲ್ಲಿ ನಲವತ್ತು ಬಾಟಲಿ. ಒಂದನ್ನೂ ಮುಟ್ಟುವಂತಿಲ್ಲ.

ಫೆ. ೨೬, ಶುಕ್ರವಾರ

ಮೂರು ಹುಡುಗಿಯರು ಬಾಗಿಲಲ್ಲಿ ನನ್ನನ್ನು ನೋಡಿದರು. ಮೂವರಿಗೂ ಒಟ್ಟಿಗೆ ಮೀಟಿಂಗ್ ನೆನಪಾಯಿತು.

ಜೊತೆಗೆ ಕೆಲಸ ಮಾಡುವ ಗಂಗಾ ಉಪಾಯ ಹೇಳಿದಳು: "ಅಕ್ಕಾ, ನಿಮ್ಮ ಕುರ್ಚಿ ಮ್ಯಾಲೆ 'ಬಿಫೋರ್' ಅಂತ ಬೋರ್ಡ್ ಹಾಕೂಣ. ನಾ 'ಆಫ್ಟರ್' ಆಗಿ ಬಾಜೂಕ ಕೂಡ್ತೀನಿ."

ಇವಳಿಗೆ ಕೆಲಸ ಕಲಿಸಿದ್ದು ನಾನೇ.

ಮಾರ್ಚ್ ೩, ಬುಧವಾರ

ಇವತ್ತು ಸೂಗಪ್ಪ ಆಸ್ಪತ್ರೆಗೆ ಬರಲಿಲ್ಲ. ತರುಣ ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಮಧ್ಯಾಹ್ನ ನಾನು ಮಾಡಿದೆ. ಹೆಂಡತಿ ಶಂಕ್ರಮ್ಮ ಎತ್ತಿದಳು. ದನಿ ಸಣ್ಣದು.

"ಗುಳಿಗಿ ಬಿಟ್ಟು ಆರು ದಿನ ಆತ್ರೀ. ಮೈಮ್ಯಾಲೆ ಅಮ್ಮ ಬಂದಾಳ, ಎಲ್ಲಾರಿಗೂ ಹತ್ತತೈತಿ ಅಂತ ಮೇಸ್ತ್ರಿ ಕೆಲಸಕ್ಕ ಬರಬ್ಯಾಡ ಅಂದಾನ. ನೀರಿನ ನಳದ ಹಂತ್ಯಾಕ ಹೋಗಾಕೂ ಬಿಡವಲ್ರು ಮಂದಿ. ಮಾರಿ ಸ್ವಚ್ಛ ಆದ್ರ ಸಾಕು ಅಂತಾರ ಇವ್ರು."

ರಾತ್ರಿ ಅನ್ನ ಸೇರಲಿಲ್ಲ. ಆರು ದಿನದಲ್ಲಿ ಒಳಗೆ ಗಡ್ಡೆ ಏನು ಮಾಡಿರಬಹುದು.

ಮಾರ್ಚ್ ೪, ಗುರುವಾರ

ಮಣಿಕೊಂಡಕ್ಕೆ ಹೋದೆ. ದುಪಟ್ಟಾ ಮುಖಕ್ಕೆ ಕಟ್ಟಿಕೊಳ್ಳಲಿಲ್ಲ. ಆಟೋದವನು ಕನ್ನಡಿ ಪಕ್ಕಕ್ಕೆ ತಿರುಗಿಸಿಕೊಂಡ.

ತಗಡಿನ ಶೆಡ್ಡಿನ ಮುಂದೆ ಸೂಗಪ್ಪ ಒಬ್ಬನೇ ಕೂತಿದ್ದ, ಸುತ್ತ ಬೇವಿನಸೊಪ್ಪು. ಮುಖ ಅರ್ಧ ತಿಳಿಯಾಗಿತ್ತು. ನನ್ನನ್ನು ನೋಡಿ ಎದ್ದು ನಿಂತ.

"ಅಕ್ಕಾರ... ನಿಮಗ ಭಾಳ ಬಂದಾವಲ್ರೀ."

"ಹೂಂ. ನಿನಕಿಂತ ಜಾಸ್ತಿ. ನಾ ಮಂದಿ ಮಾರಿ ತಿದ್ದಿ ಉಣ್ಣಾಕಿ. ಇದನ್ನ ಹೊತ್ಕೊಂಡು ದಿನಾ ಅಂಗಡಿ ಬಾಗಿಲಾ ತೆಗೀತೀನಿ. ನೀ ಗ್ವಾಡಿಗಿ ಗಿಲಾವ್ ಮಾಡಾಂವ. ಗ್ವಾಡಿ ನಿನ್ನ ಮಾರಿ ನೋಡ್ತೈತೇನು?"

ಮೊದಲು ನಕ್ಕದ್ದು ಶಂಕ್ರಮ್ಮ. ಅವನು ತಲೆ ತಗ್ಗಿಸಿದ. "ಹೆದರಿಕಿ ಆತ್ರೀ. ಇದ್ದಷ್ಟು ದಿನಾನೂ ಮಂದಿ ದೂರ ಕುಂದ್ರಸಿದ್ರ, ಗುಳಿಗಿ ತಗೊಂಡು ಏನ್ ಮಾಡ್ಲಿ?"

ಅವನನ್ನು ಕೂರಿಸಿ ಪಕ್ಕದಲ್ಲೇ ಕೂತೆ. ಶಂಕ್ರಮ್ಮ ಚಹಾ ತಂದಳು. ನೋಡನೋಡುತ್ತ ಜನ ಸೇರಿದರು, ಒಂದು ಗುಳ್ಳೆಯ ಮುಖಕ್ಕಿಂತ ಎರಡು ಹೆಚ್ಚು ತಮಾಷೆ. ಮೇಸ್ತ್ರಿಯೂ ಬಂದ. ತೆಲುಗಿನಲ್ಲಿ ಬಿಡಿಸಿ ಹೇಳಿದೆ: ಇದು ಮಾತ್ರೆಯ ಗುಳ್ಳೆ, ಯಾರಿಗೂ ಹತ್ತುವುದಿಲ್ಲ. ನನ್ನ ಗಂಡ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಾನೆ, ಅವನ ಮುಖ ಕರಿಯದ ಹಪ್ಪಳದಂತೆ ನುಣ್ಣಗಿದೆ. ಮೇಸ್ತ್ರಿ ಯೋಚಿಸಿ, ಬಿಸಿಲಿಲ್ಲದ ಒಳಗಿನ ಕೆಲಸ ಕೊಡುತ್ತೇನೆಂದ.

ತರುಣನಿಗೆ ಅಲ್ಲಿಂದಲೇ ಫೋನ್. ಮಾತ್ರೆ ಬಿಟ್ಟದ್ದನ್ನು ಮುಚ್ಚಿಡಬೇಡಿ ಎಂದ. ಡಾಕ್ಟರು ಟ್ರಯಲ್‌ನಿಂದ ತೆಗೆದರೂ ತೆಗೆಯಬಹುದು.

ಮಾರ್ಚ್ ೬, ಶನಿವಾರ

ಸೂಗಪ್ಪನನ್ನು ತೆಗೆಯಲಿಲ್ಲ. ಬೈದರು, ಬರೆದುಕೊಂಡರು, ಡೋಸ್ ಸ್ವಲ್ಪ ಇಳಿಸಿ ಮತ್ತೆ ಶುರು ಮಾಡಿದರು.

ಏಪ್ರಿಲ್ ೧, ಗುರುವಾರ. ಸಂಜೆ

ಸ್ಕ್ಯಾನ್ ರಿಪೋರ್ಟು ಕೊಡಲು ಆಸ್ಪತ್ರೆಯವರಿಗೆ ಇದೇ ದಿನ ಸಿಕ್ಕಿತ್ತು. ಡಾಕ್ಟರು ಹೇಳಿದರೂ ನಮ್ಮವರು ನಂಬಲಿಲ್ಲ. ಏಪ್ರಿಲ್ ಫೂಲ್ ಅಲ್ಲವೆಂದು ತರುಣನ ಬಾಯಿಂದಲೂ ಕೇಳಿಸಿಕೊಂಡರು. ನನ್ನ ಗಡ್ಡೆ ನಲವತ್ತಾರು ಮಿಲಿಮೀಟರ್ ಇದ್ದದ್ದು ಈಗ ಇಪ್ಪತ್ತೊಂಬತ್ತು. ಸೂಗಪ್ಪನದು ಬೆಳೆದಿಲ್ಲ, ಚೂರು ಕುಗ್ಗಿದೆ. ಗುಣವಾಯಿತೆಂದಲ್ಲ. ಎಷ್ಟು ದಿನ ಹೀಗೆ ಎಂದರೆ ಡಾಕ್ಟರಿಗೂ ಗೊತ್ತಿಲ್ಲ. ಅದನ್ನು ಕೇಳಿಯೂ ಹಸಿವಾಯಿತು. ಎಲ್ಲರೂ ಇಡ್ಲಿ ತಿಂದೆವು.

ಹೊರಗೆ ಬಂದ ಮೇಲೆ ಶಂಕ್ರಮ್ಮ ನನ್ನ ಸೆರಗು ಜಗ್ಗಿದಳು. "ಅಕ್ಕಾರ, ನಂದೂ ಒಮ್ಮಿ ಹುಬ್ಬು ತಿದ್ದಸ್ರೀ. ಬರೂ ವಾರ ಅಣ್ಣನ ಮಗಳ ಲಗ್ನ ಐತಿ. ನಾವಿಬ್ರೂ ಹೋಗಾವ್ರು. ಮುಂದಿನ ಸಾಲಾಗ ಕೂಡಾವ್ರು."

ಸೀದಾ ಪಾರ್ಲರಿಗೆ ಬಂದೆವು. ಗಂಡಸರಿಬ್ಬರೂ ಹೊರಗೆ ಮೆಟ್ಟಿಲ ಮೇಲೆ, ಯಾರ ಡಾಕ್ಟರು ಹೆಚ್ಚು ಹೊಗಳಿದರು ಎಂದು ವಾದ. ಇಬ್ಬರದೂ ಒಬ್ಬರೇ ಡಾಕ್ಟರು. ಗಂಗಾ ದಾರ ಹಿಡಿದಿದ್ದಾಳೆ, ನಾನು ಕೌಂಟರಿನಲ್ಲಿ ಬರೆಯುತ್ತಿದ್ದೇನೆ. ಎಡ ಹುಬ್ಬು ಮುಗಿಯಿತು, ಕಮಾನಿನ ಹಾಗೆ ಬಂದಿದೆ. ದಾರ ಜಗ್ಗಿದ ನೋವಿಗೆ ಶಂಕ್ರಮ್ಮನ ಕಣ್ಣಲ್ಲಿ ನೀರು. ಇನ್ನೊಂದು ಬ್ಯಾಡ, ಇಷ್ಟ ಸಾಕು ಎನ್ನುತ್ತ ಕುರ್ಚಿಯಿಂದ ಇಳಿಯುತ್ತಿದ್ದಾಳೆ. ಒಂದೇ ಹುಬ್ಬಿನಲ್ಲಿ ಲಗ್ನಕ್ಕೆ ಹೇಗೆ... ಚಪ್ಪಲಿ ಮೆಟ್ಟಿಕೊಂಡಳು, ಹಿಡೀಬೇಕು —